ಕಂಪನ ಎಲ್ಲರದು, ಕಟ್ಟಿದ ಯಂತ್ರ ಒಬ್ಬರದು: ತೈಲಬಾವಿಯ ಕೊಳವೆ ಮತ್ತು ಪೇಟೆಂಟ್ ಕಾನೂನು



ಪೇಟೆಂಟ್ ಎಂದ ಕೂಡಲೇ ನಮ್ಮಲ್ಲಿ ಮಾತು ಔಷಧದ ಕಡೆಗೆ ಹೊರಳುತ್ತದೆ. ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧದ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನು ಕಾನೂನು ಓದದವರೂ ಕೇಳಿದ್ದಾರೆ. ಆ ಚರ್ಚೆ ಬೇಕಾದದ್ದೇ. ಆದರೆ ಪೇಟೆಂಟ್ ಕಾನೂನಿನ ಮೂಲಪಾಠಗಳನ್ನು ಕಲಿಯುವುದಕ್ಕೆ ಕಬ್ಬಿಣದ ಯಂತ್ರದಷ್ಟು ಒಳ್ಳೆಯ ಗುರು ಇನ್ನೊಂದಿಲ್ಲ. ಯಂತ್ರವನ್ನು ಬಿಚ್ಚಿ ನೋಡಬಹುದು. ಯಾವ ಭಾಗ ಯಾವುದನ್ನು ತಳ್ಳುತ್ತದೆ ಎಂದು ಬೆರಳಿಟ್ಟು ತೋರಿಸಬಹುದು.

ಅದಕ್ಕಾಗಿಯೇ ಇಂದು ಒಂದು ಇಕ್ಕಟ್ಟಾದ ವಿಷಯವನ್ನು ಆರಿಸಿಕೊಂಡಿದ್ದೇನೆ. ತೈಲ ಮತ್ತು ಅನಿಲ ಬಾವಿಯೊಳಗೆ ಇಳಿಬಿಟ್ಟ ಕೊಳವೆಯನ್ನು ನಡುಗಿಸುವ ಉಪಕರಣಗಳಿವೆ. ಅವಕ್ಕೆ ಪೇಟೆಂಟ್ ಕೊಡಬಹುದೇ? ಕೊಡುವುದಾದರೆ ಅದರಲ್ಲಿ ಯಾವುದಕ್ಕೆ, ಎಲ್ಲಿಯವರೆಗೆ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕೊಳವೆ ನಡುಗಬೇಕೆಂಬ ಫಲದ ಮೇಲೆ ಯಾರಿಗೂ ಹಕ್ಕಿಲ್ಲ, ಆ ಫಲ ಬರುವಂತೆ ಕಟ್ಟಿದ ಹೊಸ ಯಂತ್ರದ ಮೇಲೆ ಹಕ್ಕಿದೆ. ಕೇಳುವುದಕ್ಕೆ ಸರಳ. ಆದರೆ ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ನ್ಯಾಯಾಲಯಗಳು ನೂರೈವತ್ತು ವರ್ಷಕ್ಕೂ ಮಿಗಿಲಾಗಿ ಜಗ್ಗಾಡುತ್ತಿವೆ.

1. ಕೊಳವೆಯನ್ನು ಏಕೆ ನಡುಗಿಸಬೇಕು?

ತೈಲಬಾವಿ ಎಂದರೆ ನೆಲದೊಳಗೆ ಕೊರೆದ ಕಿರಿದಾದ, ಬಹಳ ಆಳದ ರಂಧ್ರ. ಅದರ ಗೋಡೆ ಕುಸಿಯದಂತೆ ಮೊದಲು ಕೇಸಿಂಗ್ ಎಂಬ ದಪ್ಪ ಉಕ್ಕಿನ ಕೊಳವೆಯನ್ನು ಇಳಿಸಿ, ಅದರ ಸುತ್ತ ಸಿಮೆಂಟ್ ತುಂಬುತ್ತಾರೆ. ಕೇಸಿಂಗಿನ ಒಳಗೆ ಇನ್ನೊಂದು ತೆಳು ಕೊಳವೆ ಇಳಿಯುತ್ತದೆ, ಅದೇ ಟ್ಯೂಬಿಂಗ್. ತೈಲ, ಅನಿಲ ಮೇಲೆ ಬರುವುದು ಇದರ ಮೂಲಕ. ಸಾಮಾನ್ಯ ಟ್ಯೂಬಿಂಗ್ ಸುಮಾರು 30 ಅಡಿಯ ತುಂಡುಗಳಲ್ಲಿ ಬರುತ್ತದೆ. ತುಂಡಿಗೆ ತುಂಡನ್ನು ಕಾಲರ್ ಎಂಬ ಉಂಗುರದಿಂದ ತಿರುಪಿ ಸೇರಿಸುತ್ತಾರೆ. ಇನ್ನೊಂದು ಬಗೆ ಕಾಯಿಲ್ಡ್ ಟ್ಯೂಬಿಂಗ್. ಅದರಲ್ಲಿ ಜೋಡಣೆಗಳೇ ಇಲ್ಲ. ಸಾವಿರಾರು ಮೀಟರ್ ಉದ್ದದ ಒಂದೇ ಉಕ್ಕಿನ ಕೊಳವೆಯನ್ನು ದೊಡ್ಡ ರಾಟೆಗೆ ಸುತ್ತಿ ಲಾರಿಯ ಮೇಲೆ ತಂದು, ಬಿಚ್ಚುತ್ತಾ ಬಾವಿಗೆ ತಳ್ಳುತ್ತಾರೆ.

ಬಾವಿ ನೆಟ್ಟಗೆ ಇಳಿದಿದ್ದರೆ ಕೊಳವೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಈಗಿನ ಹಲವು ಬಾವಿಗಳು ಹಾಗಿಲ್ಲ. ಒಂದು ಆಳದವರೆಗೆ ಇಳಿದು, ಅಲ್ಲಿಂದ ಬಾಗಿ, ಕಲ್ಲಿನ ಪದರದೊಳಗೆ ಕಿಲೋಮೀಟರುಗಟ್ಟಲೆ ಅಡ್ಡಲಾಗಿ ಸಾಗುತ್ತವೆ. ಅಡ್ಡ ಭಾಗದಲ್ಲಿ ಕೊಳವೆಯ ಭಾರ ಅದನ್ನು ಮುಂದಕ್ಕೆ ಒಯ್ಯುವುದಿಲ್ಲ, ಗೋಡೆಗೆ ಒತ್ತುತ್ತದೆ. ಮೇಲಿನಿಂದ ಹೆಚ್ಚು ಬಲ ಹಾಕಿದರೆ ಕೊಳವೆ ಮೊದಲು ಹಾವಿನಂತೆ ಅಂಕುಡೊಂಕಾಗುತ್ತದೆ, ಆಮೇಲೆ ಸ್ಪ್ರಿಂಗಿನಂತೆ ಸುರುಳಿ ಕಟ್ಟಿ ಗೋಡೆಗೆ ಎಲ್ಲ ಕಡೆಯಿಂದಲೂ ಒತ್ತಿಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ಇನ್ನೆಷ್ಟು ತಳ್ಳಿದರೂ ತುದಿ ಒಂದಂಗುಲ ಮುಂದೆ ಹೋಗದು. ಇದಕ್ಕೆ ಬಾವಿಯವರು ಲಾಕಪ್ ಎನ್ನುತ್ತಾರೆ. ಟ್ಯೂಬಿಂಗ್ ಹೀಗೆ ಸುರುಳಿಯಾಗಿ ಬಾಗುವ ಗಣಿತವನ್ನು 1962ರಲ್ಲೇ ಆರ್ಥರ್ ಲುಬಿನ್‌ಸ್ಕಿ ಮತ್ತು ಸಂಗಡಿಗರು ಪ್ರಕಟಿಸಿದ್ದರು.

ಪರಿಹಾರ ಏನು? ಹೊಸ ಮನೆಗೆ ವೈರಿಂಗ್ ಮಾಡುವವರನ್ನು ನೀವು ನೋಡಿರಬಹುದು. ಗೋಡೆಯೊಳಗಿನ ಪೈಪಿನಲ್ಲಿ ತಂತಿ ಸಿಕ್ಕಿಕೊಂಡರೆ ಅವರು ಇನ್ನೂ ಜೋರಾಗಿ ತಳ್ಳುವುದಿಲ್ಲ, ಅಲುಗಿಸುತ್ತಾ ತಳ್ಳುತ್ತಾರೆ. ತೈಲಬಾವಿಯಲ್ಲೂ ಅದೇ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ ಹೆಚ್ಚು, ಚಲಿಸುತ್ತಿರುವುದನ್ನು ಚಲಿಸುವಂತೆ ಇಡಲು ಬೇಕಾದದ್ದು ಕಡಿಮೆ. ಕೊಳವೆ ಹಿಂದೆ ಮುಂದೆ ಸಣ್ಣಗೆ ಓಲಾಡುತ್ತಿದ್ದರೆ ಘರ್ಷಣೆಯ ದಿಕ್ಕು ಕ್ಷಣಕ್ಷಣಕ್ಕೂ ತಿರುಗಿ, ಅದರ ಸರಾಸರಿ ತಡೆ ಇಳಿಯುತ್ತದೆ. ಕಚ್ಚಿಕೊಂಡ ಕೊಳವೆಯನ್ನು ಬಿಡಿಸಲು, ಕೇಸಿಂಗಿನ ಸುತ್ತ ಸಿಮೆಂಟ್ ಸರಿಯಾಗಿ ಕೂರಲು, ಕೆಳಗೆ ಸೇರಿದ ಮರಳನ್ನು ಕದಡಲು ಕೂಡ ಕಂಪನ ಬಳಕೆಯಲ್ಲಿದೆ.

2. ನಡುಗಿಸುವ ದಾರಿಗಳು ಮೂರು

ಮೊದಲನೆಯದು, ಮೇಲೆ ನೆಲದ ಮೇಲಿಂದಲೇ ನಡುಗಿಸುವುದು. ಕೇಂದ್ರದಿಂದ ಸರಿಸಿ ಕೂರಿಸಿದ ತೂಕಗಳನ್ನು ವೇಗವಾಗಿ ತಿರುಗಿಸಿ, ಆ ಅದುರನ್ನು ಕೊಳವೆಯ ತಲೆಗೆ ಕೊಡುತ್ತಾರೆ. ಕ್ಯಾಲಿಫೋರ್ನಿಯಾದ ಆಲ್ಬರ್ಟ್ ಬೋಡೀನ್ ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಇಂಥ ಅನುರಣನ ಯಂತ್ರಗಳಿಗೆ ಪೇಟೆಂಟಿನ ಮೇಲೆ ಪೇಟೆಂಟ್ ಪಡೆದರು. ಇಲ್ಲಿನ ಲೆಕ್ಕ ಚೊಕ್ಕವಾಗಿದೆ. ಉಕ್ಕಿನ ಸರಳಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5000 ಮೀಟರ್ ಓಡುತ್ತದೆ. 1000 ಮೀಟರ್ ಉದ್ದದ ಕೊಳವೆಯ ಕೆಳತುದಿ ಕಚ್ಚಿಕೊಂಡು ಮೇಲ್ತುದಿ ಬಿಡಿಯಾಗಿದ್ದರೆ, ಅದರ ಮೊದಲ ಸ್ವಾಭಾವಿಕ ಆವರ್ತನ ಸೆಕೆಂಡಿಗೆ ಸುಮಾರು 1.25 ಬಾರಿ, ಅದರ ಮೂರರಷ್ಟು, ಐದರಷ್ಟು ಆಮೇಲಿನವು. ಆ ತಾಳಕ್ಕೆ ಸರಿಯಾಗಿ ತಟ್ಟಿದರೆ ಸಣ್ಣ ಬಲವೂ ದೊಡ್ಡದಾಗಿ ಬೆಳೆಯುತ್ತದೆ.

ಎರಡನೆಯದು, ಕೊಳವೆಯ ಕೆಳಭಾಗದಲ್ಲೇ ಒಂದು ಕವಾಟ ಇಡುವುದು. ಸ್ಕಾಟ್ಲೆಂಡಿನ ಆಂಡರ್‌ಗೇಜ್ ಕಂಪನಿ ರೂಪಿಸಿ, ಈಗ ‘ಅಜಿಟೇಟರ್’ ಎಂಬ ಹೆಸರಿನಲ್ಲಿ ಲೋಕದ ಹಲವು ತೈಲಕ್ಷೇತ್ರಗಳಲ್ಲಿ ಪರಿಚಿತವಾಗಿರುವ ಉಪಕರಣ ಈ ಬಗೆಯದು. ಕೊಳವೆಯಲ್ಲಿ ಪಂಪ್ ಮಾಡಿದ ದ್ರವ ಒಂದು ತಿರುಪಿನಾಕಾರದ ರೋಟರನ್ನು ತಿರುಗಿಸುತ್ತದೆ. ಫ್ರಾನ್ಸಿನ ರೆನೆ ಮುವಾನೋ 1930ರ ಹೊತ್ತಿಗೆ ಕಂಡುಹಿಡಿದ ಪಂಪಿನ ತತ್ವ ಇದು. ರೋಟರಿನ ತುದಿಗೆ ಅಂಟಿದ ತೂತಿನ ಬಿಲ್ಲೆ ಇನ್ನೊಂದು ಸ್ಥಿರವಾದ ಬಿಲ್ಲೆಯ ಮೇಲೆ ಓಡಾಡುತ್ತದೆ. ತೂತಿಗೆ ತೂತು ಎದುರಾದಾಗ ದ್ರವ ಸರಾಗ, ಮರೆಯಾದಾಗ ತಡೆ. ಒತ್ತಡ ಏರಿಳಿದು, ಆ ಏರಿಳಿತ ಕೊಳವೆಯನ್ನು ಉದ್ದುದ್ದಕ್ಕೆ ಜಗ್ಗುತ್ತದೆ.

ಮೂರನೆಯದರಲ್ಲಿ ಚಲಿಸುವ ಭಾಗವೇ ಇಲ್ಲ. ಓಕ್ಲಹಾಮಾದ ಥ್ರೂ ಟ್ಯೂಬಿಂಗ್ ಸೊಲ್ಯೂಷನ್ಸ್ ಕಂಪನಿಯ ಪೇಟೆಂಟುಗಳಲ್ಲಿ ಈ ಬಗೆಯ ಉಪಕರಣ ಬರುತ್ತದೆ. ಗೋಡೆಯ ಪಕ್ಕ ಹಾಯುವ ದ್ರವದ ಧಾರೆ ಗೋಡೆಗೇ ಅಂಟಿಕೊಂಡು ಹರಿಯುವ ಸ್ವಭಾವವನ್ನು ರೊಮೇನಿಯದ ಹೆನ್ರಿ ಕೊವಾಂಡನ ಹೆಸರಿನಿಂದ ಕರೆಯುತ್ತಾರೆ. ಧಾರೆ ಎಡಗೋಡೆಗೆ ಅಂಟಿ ಒಂದು ದುಂಡು ಕೋಣೆಯೊಳಗೆ ಅಂಚಿನಿಂದ ನುಗ್ಗಿ ಸುಳಿ ಕಟ್ಟುತ್ತದೆ. ಹೊರದಾರಿ ಸುಳಿಯ ನಡುವೆ ಇರುವುದರಿಂದ ತಡೆ ಹೆಚ್ಚಿ ಒತ್ತಡ ಏರುತ್ತದೆ. ಆ ಕೋಣೆಯಿಂದಲೇ ಹಿಂದಿರುಗುವ ಒಂದು ಸಣ್ಣ ಕಾಲುವೆ ಧಾರೆಯನ್ನು ಬಲಗೋಡೆಗೆ ತಳ್ಳುತ್ತದೆ. ಈಗ ಹರಿವು ಎದುರು ದಿಕ್ಕಿನಿಂದ ಬಂದು ಹಳೆಯ ಸುಳಿಯನ್ನು ಮುರಿಯುತ್ತದೆ; ಒತ್ತಡ ಇಳಿಯುತ್ತದೆ; ಮತ್ತೆ ಎದುರುಸುಳಿ ಕಟ್ಟುತ್ತದೆ. ಉಕ್ಕಿನಲ್ಲಿ ಕೊರೆದ ಹಾದಿಗಳ ಆಕಾರವೇ ಇಲ್ಲಿ ಯಂತ್ರ.

ಈಗ ನಾಲ್ಕು ಅರ್ಜಿಗಳನ್ನು ಕಲ್ಪಿಸಿಕೊಳ್ಳಿ. ನಮ್ಮ ರಾಜ್ಯದವರ ಅರ್ಜಿಗಳು ಹೋಗುವ ಚೆನ್ನೈ ಪೇಟೆಂಟ್ ಕಚೇರಿಯಲ್ಲಿ ಒಬ್ಬ ಪರೀಕ್ಷಕರ ಮೇಜಿನ ಮೇಲೆ ಅವು ಇವೆ. ಮೊದಲ ಅರ್ಜಿ ಕೇಳುವುದು: ‘ಘರ್ಷಣೆ ಕಡಿಮೆಯಾಗುವಂತೆ ಬಾವಿಯ ಟ್ಯೂಬಿಂಗನ್ನು ಕಂಪಿಸುವ ಸಾಧನ.’ ಎರಡನೆಯದು: ‘ಟ್ಯೂಬಿಂಗಿನ ಸ್ವಾಭಾವಿಕ ಆವರ್ತನಕ್ಕೆ ಹೊಂದುವಂತೆ ಕಂಪಕವನ್ನು ಶ್ರುತಿಗೊಳಿಸುವ ವಿಧಾನ.’ ಮೂರನೆಯದು: ಪೇಟೆಯಲ್ಲಿ ಸಿಗುವ ಕಂಪಕ, ಪೇಟೆಯಲ್ಲಿ ಸಿಗುವ ಕಾಯಿಲ್ಡ್ ಟ್ಯೂಬಿಂಗ್, ಪೇಟೆಯಲ್ಲಿ ಸಿಗುವ ಸೋಸುಜಾಲರಿ, ಇವು ಮೂರರ ಜೋಡಣೆ. ನಾಲ್ಕನೆಯದು: ಸುಳಿಕೋಣೆ, ಅದಕ್ಕೆ ಅಂಚಿನಿಂದ ತೆರೆಯುವ ಎರಡು ಹಾದಿ, ನಡುವಿನ ಹೊರದಾರಿ, ಹಿಂದಿರುಗುವ ಕಾಲುವೆ, ಇವುಗಳ ಜಾಗ ಮತ್ತು ಸಂಬಂಧವನ್ನು ಚಿತ್ರಸಮೇತ ಹೇಳಿದ ಉಪಕರಣ. ಅರ್ಜಿ ಹಾಕಿದ ದಿನಕ್ಕೆ ಇಂಥದ್ದು ಬೇರೆಲ್ಲೂ ಪ್ರಕಟವಾಗಿರಲಿಲ್ಲ ಎಂದಿಟ್ಟುಕೊಳ್ಳಿ. ಒಂದೊಂದಾಗಿ ನೋಡೋಣ.

3. ಮೊದಲ ಅರ್ಜಿ: ವಾಕರ್ ಕಲಿಸಿದ ಪಾಠ

ಮೊದಲ ಅರ್ಜಿಗೆ ಉತ್ತರ ತೈಲಬಾವಿಯಿಂದಲೇ ಹುಟ್ಟಿದ ಒಂದು ಮೊಕದ್ದಮೆಯಲ್ಲಿದೆ. ಅದು ಕೊಳವೆಯನ್ನು ನಡುಗಿಸುವ ಯಂತ್ರದ ಪ್ರಕರಣವಲ್ಲ, ಕೊಳವೆಯಿಂದ ಮರಳುವ ದನಿಯನ್ನು ಕೇಳುವ ಯಂತ್ರದ್ದು. ಆದರೂ ನಮ್ಮ ಪ್ರಶ್ನೆಗೆ ಇಷ್ಟು ಹತ್ತಿರದ ತೀರ್ಪು ಇನ್ನೊಂದನ್ನು ನಾನು ಕಾಣೆ.

ಪಂಪ್ ಹಾಕಿದ ಬಾವಿಯಲ್ಲಿ ತೈಲದ ಮಟ್ಟ ಎಷ್ಟು ಆಳದಲ್ಲಿದೆ ಎಂದು ತಿಳಿಯದೆ ಪಂಪನ್ನು ಎಲ್ಲಿ ಕೂರಿಸಬೇಕು, ಎಷ್ಟು ಓಡಿಸಬೇಕು ಎಂಬುದು ತಿಳಿಯದು. ಬಾವಿಯ ಬಾಯಲ್ಲಿ ಒಂದು ಶಬ್ದ ಸಿಡಿಸಿ, ತೈಲದ ಮೇಲ್ಮೈಯಿಂದ ಪ್ರತಿಧ್ವನಿ ಬರುವ ಹೊತ್ತನ್ನು ಅಳೆಯುವ ಉಪಕರಣಕ್ಕೆ ಲೆಹರ್ ಮತ್ತು ವಯಾಟ್ ಎಂಬಿಬ್ಬರು 1936ರಲ್ಲೇ ಪೇಟೆಂಟ್ ಪಡೆದಿದ್ದರು. ತೊಂದರೆ ಒಂದಿತ್ತು: ಬಾವಿಯೊಳಗಿನ ಅನಿಲ, ಒತ್ತಡ, ಶಾಖ ಬದಲಾದಂತೆ ಶಬ್ದದ ವೇಗವೂ ಬದಲಾಗುತ್ತದೆ. ವೇಗ ತಿಳಿಯದಿದ್ದರೆ ಹೊತ್ತಿನಿಂದ ದೂರ ಸಿಗದು.

ಕ್ರ್ಯಾನ್‌ಫರ್ಡ್ ವಾಕರ್ ಇಲ್ಲಿ ಜಾಣತನ ತೋರಿದರು. ಟ್ಯೂಬಿಂಗಿನ ಪ್ರತಿ ಕಾಲರಿನಿಂದಲೂ ಒಂದು ಸಣ್ಣ ಪ್ರತಿಧ್ವನಿ ಬರುತ್ತದೆ. ಕಾಲರುಗಳ ನಡುವಿನ ದೂರ ಮೊದಲೇ ಗೊತ್ತು. ಆ ಸಣ್ಣ ಪ್ರತಿಧ್ವನಿಗಳನ್ನು ಎಣಿಸಿದರೆ ಸಾಕು, ಶಬ್ದದ ವೇಗದ ಗೊಡವೆಯೇ ಬೇಡ. ಬಾವಿಯೊಳಗೆ ಅಳತೆಪಟ್ಟಿ ಆಗಲೇ ಇಳಿದಿದೆ. ಅನಿಲದಲ್ಲಿ ಶಬ್ದ ಸೆಕೆಂಡಿಗೆ 360 ಮೀಟರ್ ಓಡುತ್ತದೆ, ಕಾಲರುಗಳ ಅಂತರ 9 ಮೀಟರ್ ಎಂದಿಟ್ಟುಕೊಂಡರೆ, ಹೋಗಿಬರುವ ದೂರ 18 ಮೀಟರ್. ಸೆಕೆಂಡಿಗೆ 20 ಪ್ರತಿಧ್ವನಿ. ಅವು ಕ್ಷೀಣ, ಬೇರೆ ಸದ್ದುಗಳಲ್ಲಿ ಕಲಸಿಹೋಗಿರುತ್ತವೆ. ಆ ಆವರ್ತನವನ್ನು ಮಾತ್ರ ಎತ್ತಿ ತೋರುವಂತೆ ವಾಕರ್ ಹಳೆಯ ಉಪಕರಣಕ್ಕೆ ಒಂದು ಅನುರಣಕ ಕೊಳವೆಯನ್ನು ಸೇರಿಸಿದರು. ಅದರ ಉದ್ದ ಟ್ಯೂಬಿಂಗ್ ತುಂಡಿನ ಮೂರನೆಯ ಒಂದು ಭಾಗ.

ಓಕ್ಲಹಾಮಾದ ಹ್ಯಾಲಿಬರ್ಟನ್ ಆಯಿಲ್ ವೆಲ್ ಸಿಮೆಂಟಿಂಗ್ ಕಂಪನಿ ಇದೇ ಕೆಲಸವನ್ನು ಬೇರೆ ದಾರಿಯಿಂದ ಮಾಡಿತು. ಅವರಲ್ಲಿ ಅನುರಣಕ ಕೊಳವೆ ಇರಲಿಲ್ಲ. ವಿದ್ಯುತ್ ಫಿಲ್ಟರ್ ಇತ್ತು. ವಾಕರ್ ದಾವೆ ಹೂಡಿದರು. ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಗೆದ್ದರು. ಆದರೆ 1946ರ ನವೆಂಬರ್ 18ರಂದು ಅಮೆರಿಕದ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಬರೆದ ತೀರ್ಪಿನಲ್ಲಿ, ಅವರ ಕ್ಲೇಮುಗಳನ್ನು ತಳ್ಳಿಹಾಕಿತು.

ಏಕೆ? ಪೇಟೆಂಟ್ ದಾಖಲೆಯ ಕೊನೆಯಲ್ಲಿ ಬರುವ ಕ್ಲೇಮುಗಳೇ ಹಕ್ಕಿನ ಗಡಿಗಲ್ಲು. ಜಮೀನಿಗೆ ಚಕ್ಕುಬಂದಿ ಹೇಗೋ ಪೇಟೆಂಟಿಗೆ ಅವು ಹಾಗೆ ಎಂದು ಪೇಟೆಂಟ್ ಏಜೆಂಟರು ದಿನವೂ ಹೇಳುತ್ತಾರೆ. ವಾಕರ್ ತಮ್ಮ ವಿವರಣೆಯಲ್ಲಿ ಅನುರಣಕ ಕೊಳವೆಯನ್ನು ವರ್ಣಿಸಿದ್ದರೂ ಕ್ಲೇಮಿನಲ್ಲಿ ಬರೆದದ್ದು, ಕಾಲರುಗಳ ಪ್ರತಿಧ್ವನಿಯ ಆವರ್ತನಕ್ಕೆ ಗ್ರಾಹಕವನ್ನು ಶ್ರುತಿಗೊಳಿಸುವ ಸಾಧನ ಎಂದು ಮಾತ್ರ. ಹೊಸತನವೆಲ್ಲ ಯಾವ ಭಾಗದಲ್ಲಿತ್ತೋ ಆ ಭಾಗವನ್ನೇ ಅದು ಹೇಗಿದೆ ಎನ್ನದೆ, ಏನು ಮಾಡುತ್ತದೆ ಎಂಬುದರಿಂದ ಹೆಸರಿಸಿದ್ದರು. ಹಾಗೆ ಬಿಟ್ಟರೆ ಆ ಕೆಲಸ ಮಾಡುವ ಇಂದಿನ ಮತ್ತು ಮುಂದಿನ ಎಲ್ಲ ಸಾಧನಗಳೂ ಅವರ ಬೇಲಿಯೊಳಗೆ ಬೀಳುತ್ತವೆ. ಇನ್ನೂ ಸರಳ, ಇನ್ನೂ ಅಗ್ಗದ ದಾರಿ ಹುಡುಕುವವರು ಹೆದರಿ ಹಿಂದೆ ಸರಿಯುತ್ತಾರೆ ಎಂಬುದು ನ್ಯಾಯಾಲಯದ ಆತಂಕ.

ಈ ಆತಂಕ ಹೊಸದಲ್ಲ. ತಂತಿಟಪಾಲಿನ ಸ್ಯಾಮ್ಯುಯೆಲ್ ಮೋರ್ಸ್ ತಮ್ಮ ಎಂಟನೆಯ ಕ್ಲೇಮಿನಲ್ಲಿ, ವಿದ್ಯುತ್ಕಾಂತದ ಬಲದಿಂದ ದೂರದಲ್ಲಿ ಅಕ್ಷರ ಮೂಡಿಸುವ ಎಲ್ಲ ಬಗೆಯೂ ತಮ್ಮದೇ ಎಂದು ಕೇಳಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಅದೇ ನ್ಯಾಯಾಲಯ ಅದು ಅತಿಯಾಯಿತು ಎಂದಿತು. ಮೋರ್ಸರ ಯಂತ್ರಕ್ಕೆ ಮಾತ್ರ ರಕ್ಷಣೆ ಉಳಿಯಿತು.

ನಮ್ಮ ಮೊದಲ ಅರ್ಜಿಯ ಗತಿಯೂ ಅಷ್ಟೆ. ಕಂಪಿಸುವ ಸಾಧನ ಎಂದಷ್ಟೇ ಬರೆದರೆ ಬೋಡೀನರ ತೂಕವೂ, ಕವಾಟದ ಬಿಲ್ಲೆಯೂ, ಸುಳಿಕೋಣೆಯೂ, ನಾಳೆ ಹುಟ್ಟಲಿರುವ ನಾಲ್ಕನೆಯದೂ ಒಂದೇ ಗಂಟಿನಲ್ಲಿ ಸೇರುತ್ತವೆ. ಅದನ್ನು ತಿರಸ್ಕರಿಸಲೇಬೇಕು.

4. 1952ರ ತಿದ್ದುಪಡಿ

ವಾಕರ್ ತೀರ್ಪು ಅಮೆರಿಕದ ಪೇಟೆಂಟ್ ವಕೀಲರನ್ನು ಬೆಚ್ಚಿಬೀಳಿಸಿತು. ಹಲವು ಭಾಗಗಳು ಕೂಡಿದ ಯಂತ್ರದಲ್ಲಿ ಪ್ರತಿ ಭಾಗದ ಆಕಾರವನ್ನೂ ಕ್ಲೇಮಿನಲ್ಲಿ ತುಂಬಲು ಹೋದರೆ, ಮೊಳೆಯ ಬದಲು ತಿರುಪು ಹಾಕಿದವನೂ ನಕಲಿನ ಆರೋಪದಿಂದ ಪಾರಾಗುತ್ತಾನೆ. ಇದೂ ನ್ಯಾಯವಲ್ಲ. 1952ರ ಪೇಟೆಂಟ್ ಕಾಯ್ದೆಯಲ್ಲಿ ಅಲ್ಲಿನ ಸಂಸತ್ತು ನಡುದಾರಿ ಹಿಡಿಯಿತು. 112ನೆಯ ಸೆಕ್ಷನ್ನಿನ ಪ್ರಕಾರ ಸಾಧನವನ್ನು ಅದರ ಕೆಲಸದಿಂದ ಹೆಸರಿಸಬಹುದು. ಆದರೆ ಹಕ್ಕು ಸಿಗುವುದು ವಿವರಣೆಯಲ್ಲಿ ತೋರಿಸಿದ ರಚನೆಗೆ ಮತ್ತು ಅದಕ್ಕೆ ಸಮಾನವಾದವುಗಳಿಗೆ ಮಾತ್ರ.

ಬಾಗಿಲು ತೆರೆಯಿತು, ಅಗಲ ಮಾತ್ರ ಕಿರಿದಾಯಿತು. ವಾಕರ್ ದಾವೆಯೇ ಈ ಕಾಯ್ದೆಯ ಕೆಳಗೆ ಬಂದಿದ್ದರೆ ಕ್ಲೇಮು ಉಳಿಯುತ್ತಿತ್ತು. ಪ್ರಶ್ನೆ ಬೇರೆಡೆಗೆ ಹೋಗುತ್ತಿತ್ತು: ವಿದ್ಯುತ್ ಫಿಲ್ಟರ್ ಅನುರಣಕ ಕೊಳವೆಗೆ ಸಮಾನವೇ? ವಾದಕ್ಕೆ ಯೋಗ್ಯವಾದ ಪ್ರಶ್ನೆ ಅದು. ಮುಂದೆ 2015ರಲ್ಲಿ ವಿಲಿಯಮ್ಸನ್ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇನ್ನೊಂದು ಕಿಂಡಿಯನ್ನೂ ಮುಚ್ಚಿತು. ‘ಸಾಧನ’ ಎನ್ನದೆ ‘ಮಾಡ್ಯೂಲ್’ ಎಂದು ಹೆಸರು ಬದಲಿಸಿದರೂ ರಚನೆ ಹೇಳದಿದ್ದರೆ ಇದೇ ನಿಯಮ ಎಂದಿತು.

ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಇಂಥ ವಿಶೇಷ ಉಪಬಂಧವಿಲ್ಲ. ನಮ್ಮಲ್ಲಿರುವುದು 10ನೆಯ ಸೆಕ್ಷನ್. ವಿವರಣೆ ಸಂಪೂರ್ಣವಾಗಿರಬೇಕು, ಅರ್ಜಿದಾರನಿಗೆ ತಿಳಿದ ಅತ್ಯುತ್ತಮ ವಿಧಾನವನ್ನು ಬಿಚ್ಚಿ ಹೇಳಬೇಕು, ಕ್ಲೇಮುಗಳು ಸ್ಪಷ್ಟವಾಗಿ, ಅಡಕವಾಗಿ, ವಿವರಣೆಯನ್ನೇ ಆಧರಿಸಿ ಇರಬೇಕು. ಮೊದಲ ಅರ್ಜಿಯನ್ನು ನಿಲ್ಲಿಸುವುದಕ್ಕೆ ಇಷ್ಟು ಸಾಕು.

5. ಎರಡನೆಯ ಅರ್ಜಿ: ಪ್ರಕೃತಿಯ ನಿಯಮ

ಎರಡನೆಯ ಅರ್ಜಿ, ಸ್ವಾಭಾವಿಕ ಆವರ್ತನಕ್ಕೆ ಶ್ರುತಿಗೊಳಿಸುವ ವಿಧಾನ, ಇನ್ನೂ ಸೂಕ್ಷ್ಮ. ಇದರ ಸೋದರಸಂಬಂಧಿ ಪ್ರಕರಣ ಮೋಟಾರು ವಾಹನಗಳ ಲೋಕದಿಂದ ಬಂದಿದೆ. ಅಮೆರಿಕನ್ ಆ್ಯಕ್ಸಲ್ ಕಂಪನಿಯು ವಾಹನದ ಟೊಳ್ಳು ಪ್ರೊಪೆಲ್ಲರ್ ಶಾಫ್ಟಿನೊಳಗೆ ಒಂದು ಒಳಪದರ ತೂರಿಸಿ, ಅದರ ತೂಕ ಮತ್ತು ಬಿಗುವನ್ನು ಹೊಂದಿಸಿ, ಶಾಫ್ಟಿನ ಒಂದಕ್ಕಿಂತ ಹೆಚ್ಚು ಬಗೆಯ ಕಂಪನವನ್ನು ತಗ್ಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿತ್ತು. ನೀಪ್ಕೊ ಎಂಬ ಪ್ರತಿಸ್ಪರ್ಧಿ ಅದನ್ನು ಪ್ರಶ್ನಿಸಿತು. 2020ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿದ್ದರ ಸಾರ ಇದು: ತೂಕ, ಬಿಗುವು, ಆವರ್ತನ ಇವುಗಳ ಸಂಬಂಧ ಹುಕ್‌ನ ನಿಯಮ, 22ನೆಯ ಕ್ಲೇಮು ಆ ನಿಯಮವನ್ನು ಬಳಸಿ ಫಲ ಪಡೆಯಿರಿ ಎನ್ನುತ್ತದೆಯೇ ಹೊರತು, ಹೊಂದಿಸುವುದು ಹೇಗೆಂದು ಹೇಳುವುದಿಲ್ಲ, ಆದ್ದರಿಂದ ಅದು ಪೇಟೆಂಟಿಗೆ ಅರ್ಹವಲ್ಲ. ಇದನ್ನು ಮರುಪರಿಶೀಲಿಸಬೇಕೇ ಎಂದು ನ್ಯಾಯಾಲಯದ ಎಲ್ಲ ನ್ಯಾಯಾಧೀಶರೂ ಕೂತಾಗ ಮತ 6–6 ಆಯಿತು. ಪ್ರಕರಣ ಕೈಗೆತ್ತಿಕೊಳ್ಳಿ ಎಂದು ಸರ್ಕಾರದ ಸಾಲಿಸಿಟರ್ ಜನರಲ್ ಸಲಹೆ ಕೊಟ್ಟರೂ ಸುಪ್ರೀಂ ಕೋರ್ಟು 2022ರ ಜೂನಿನಲ್ಲಿ ನಿರಾಕರಿಸಿತು.

ಈ ತೀರ್ಪನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಶಾಫ್ಟಿಗೆ ಒಳಪದರ ತೂರಿಸುವುದು ಕಾರ್ಖಾನೆಯ ಕೆಲಸ. ಅದನ್ನು ಪ್ರಕೃತಿನಿಯಮದ ಖಾತೆಗೆ ಹಾಕಿದರೆ ಯಾವ ಯಂತ್ರ ಉಳಿದೀತು? ಎಲ್ಲ ಯಂತ್ರವೂ ಯಾವುದೋ ನಿಯಮದ ಮೇಲೇ ನಡೆಯುತ್ತದೆ. ದೋಷ ಇದ್ದದ್ದು ಬೇರೆ ಕಡೆ: ಹೊಂದಿಸುವ ಬಗೆಯನ್ನು ಹೇಳದೆ ಹೊಂದಿದ ಫಲವನ್ನು ಕೇಳಿದ್ದರಲ್ಲಿ. ಅಂದರೆ ಅದೂ ವಾಕರ್ ಮಾಡಿದ ತಪ್ಪೇ. ಅದಕ್ಕೆ ಅನರ್ಹತೆಯ ದೊಡ್ಡ ಕೊಡಲಿ ಬೇಕಿರಲಿಲ್ಲ, ವಿವರಣೆ ಸಾಲದು ಎಂಬ ಚಿಕ್ಕ ಉಳಿ ಸಾಕಿತ್ತು.

ನಮ್ಮ ಕಾಯ್ದೆಯ 3ನೆಯ ಸೆಕ್ಷನ್ನಿನ (ಸಿ) ಉಪಬಂಧ, ವೈಜ್ಞಾನಿಕ ತತ್ವವೊಂದನ್ನು ಕೇವಲ ಕಂಡುಕೊಂಡದ್ದು ಆವಿಷ್ಕಾರವಲ್ಲ ಎನ್ನುತ್ತದೆ. ಅಲ್ಲಿನ ‘ಕೇವಲ’ದ ಮೇಲೆ ತೂಕವಿದೆ. ಕೊಳವೆಯ ಉದ್ದದಿಂದ ಆವರ್ತನ ಲೆಕ್ಕ ಹಾಕುವುದು ಕೇವಲ ತತ್ವ. ಆದರೆ ಕೊಳವೆ ಎಲ್ಲಿ ಕಚ್ಚಿದೆ ಎಂಬುದು ಕ್ಷಣಕ್ಷಣಕ್ಕೂ ಬದಲಾಗುವಾಗ, ಆ ಬದಲಾವಣೆಯನ್ನು ಹಿಡಿಯುವ ಸಂವೇದಕ ಎಲ್ಲಿದೆ, ಅದು ತೂಕಗಳ ವೇಗವನ್ನು ಯಾವ ಕೊಂಡಿಯ ಮೂಲಕ ತಿದ್ದುತ್ತದೆ ಎಂದು ಹೇಳಿದರೆ ಅದು ಯಂತ್ರ. ಎರಡನೆಯ ಅರ್ಜಿದಾರ ಇದನ್ನು ಸೇರಿಸಿ ಬರೆದು ತಂದರೆ ಪರೀಕ್ಷಕರು ಮುಂದಿನ ಮೆಟ್ಟಿಲಿಗೆ ಬಿಡಬೇಕು.

6. ಮೂರನೆಯ ಅರ್ಜಿ: ಮಿರ್ಜಾಪುರದ ಲೇತು

ಮೂರನೆಯ ಅರ್ಜಿಗೆ ನಮ್ಮ ದೇಶದ್ದೇ ತೀರ್ಪಿದೆ. ಉತ್ತರ ಪ್ರದೇಶದ ಮಿರ್ಜಾಪುರ ಹಿತ್ತಾಳೆ ಪಾತ್ರೆಗಳಿಗೆ ಹೆಸರಾದ ಊರು. ಅಲ್ಲಿನ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ 1951ರಲ್ಲಿ, ಪಾತ್ರೆಯನ್ನು ಲೇತಿನಲ್ಲಿ ಹೆರೆದು ಹೊಳಪು ಕೊಡುವಾಗ ಬಿಗಿಯಾಗಿ ಹಿಡಿಯುವ ಸಾಧನಕ್ಕೆ ಪೇಟೆಂಟ್ ಪಡೆಯಿತು. ಹಳೆಯ ಪದ್ಧತಿಯಲ್ಲಿ ತಿರುಗುವ ಪಾತ್ರೆ ಹಾರಿಹೋಗುವ ಅಪಾಯವಿತ್ತು. ಇವರು ಎದುರು ಬದಿಯಿಂದ ಒತ್ತಿ ಹಿಡಿಯುವ ಕದಿರನ್ನು ಸೇರಿಸಿದರು. ಅದೇ ಊರಿನ ಬಿಶ್ವನಾಥ್ ಪ್ರಸಾದ್ ರಾಧೇ ಶ್ಯಾಮ್ ಸಂಸ್ಥೆಯ ಜೊತೆ ವ್ಯಾಜ್ಯ ಬೆಳೆಯಿತು. ಅಲಹಾಬಾದ್ ಹೈಕೋರ್ಟಿನಲ್ಲಿ ಏಕಸದಸ್ಯ ಪೀಠ ಒಂದು ಹೇಳಿತು, ವಿಭಾಗೀಯ ಪೀಠ ಇನ್ನೊಂದು. 1978ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟು ಪೇಟೆಂಟನ್ನು ರದ್ದು ಮಾಡಿತು.

ನ್ಯಾಯಮೂರ್ತಿ ಸರ್ಕಾರಿಯಾ ಅವರ ಆ ತೀರ್ಪು ಇಂದಿಗೂ ನಮ್ಮಲ್ಲಿ ಅಡಿಗಲ್ಲು. ಲೇತಿನಲ್ಲಿ ಎದುರಿನಿಂದ ಒತ್ತಿ ಹಿಡಿಯುವುದು ಮೊದಲಿನಿಂದಲೂ ಗೊತ್ತಿದ್ದ ಉಪಾಯ; ಅದನ್ನು ಪಾತ್ರೆಗೆ ಬಳಸಿದ್ದು ಕಾರ್ಖಾನೆಯ ನುರಿತ ಕೆಲಸಗಾರ ಮಾಡಿಕೊಳ್ಳಬಹುದಾದ ಸುಧಾರಣೆ; ಆವಿಷ್ಕಾರ ಎನ್ನಿಸಿಕೊಳ್ಳಲು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿರಬೇಕು. ಆಗ ಇದ್ದದ್ದು 1911ರ ಕಾಯ್ದೆ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯ ಆಧಾರದ ಮೇಲೆ ರೂಪುಗೊಂಡ 1970ರ ಕಾಯ್ದೆ ಈ ವಿವೇಕವನ್ನು 3ನೆಯ ಸೆಕ್ಷನ್ನಿನ (ಎಫ್) ಉಪಬಂಧದಲ್ಲಿ ಇಟ್ಟಿದೆ: ಗೊತ್ತಿರುವ ಉಪಕರಣಗಳು ಒಂದರ ಹಂಗು ಇನ್ನೊಂದಕ್ಕಿಲ್ಲದೆ, ಹಿಂದಿನಂತೆಯೇ ತಮ್ಮ ತಮ್ಮ ಕೆಲಸ ಮಾಡಿಕೊಂಡಿದ್ದರೆ, ಅವನ್ನು ಕೂಡಿಸಿದ್ದು ಆವಿಷ್ಕಾರವಲ್ಲ.

ಹಾಗಾದರೆ ಹಳೆಯ ಭಾಗಗಳ ಜೋಡಣೆಗೆ ಪೇಟೆಂಟ್ ಸಿಗುವುದೇ ಇಲ್ಲವೇ? ಸಿಗುತ್ತದೆ. ಅಮೆರಿಕದ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಡುತ್ತೇನೆ. 1969ರಲ್ಲಿ, ಡಾಂಬರು ಹಾಕುವ ಯಂತ್ರಕ್ಕೆ ಕಾಯಿಸುವ ಬರ್ನರ್ ಜೋಡಿಸಿದ ಪೇಟೆಂಟನ್ನು ಅಲ್ಲಿನ ಸುಪ್ರೀಂ ಕೋರ್ಟು ತಳ್ಳಿಹಾಕಿತು: ಜೋಡಿಸಿದ ಮೇಲೂ ಬರ್ನರ್ ಬರ್ನರಿನ ಕೆಲಸ, ಯಂತ್ರ ಯಂತ್ರದ ಕೆಲಸ ಮಾಡುತ್ತಿತ್ತು. ಅದಕ್ಕೆ ಮೂರು ವರ್ಷ ಮೊದಲು, 1966ರಲ್ಲಿ, ಆ್ಯಡಮ್ಸ್ ಎಂಬವರ ಬ್ಯಾಟರಿಯ ಪೇಟೆಂಟನ್ನು ಎತ್ತಿಹಿಡಿದಿತ್ತು. ಮೆಗ್ನೀಸಿಯಂ, ಕ್ಯುಪ್ರಸ್ ಕ್ಲೋರೈಡ್, ನೀರು. ಎಲ್ಲವೂ ಬ್ಯಾಟರಿಯವರಿಗೆ ಗೊತ್ತಿದ್ದವು. ಆದರೆ ಕೂಡಿದಾಗ ಬಂದ ಫಲವನ್ನು ಆ ಕಸುಬಿನ ತಜ್ಞರೇ ಮೊದಲು ನಂಬಲಿಲ್ಲ.

ನಮ್ಮ ಮೂರನೆಯ ಅರ್ಜಿಗೆ ಕೇಳಬೇಕಾದ ಪ್ರಶ್ನೆ ಇದು: ಜಾಲರಿ ಸೇರಿದ್ದರಿಂದ ಕಂಪಕ ಬೇರೆ ರೀತಿಯಲ್ಲಿ ನಡೆಯಿತೇ? ಟ್ಯೂಬಿಂಗಿನ ಓಲಾಟದಿಂದ ಜಾಲರಿ ತಾನಾಗಿ ಶುಚಿಯಾಗುವಂತೆ ಏನಾದರೂ ಏರ್ಪಾಡಿದೆಯೇ? ಇಲ್ಲವೆಂದಾದರೆ ಅದು ಮಿರ್ಜಾಪುರದ ಸಾಲಿನದು. ಇದೆ ಎಂದಾದರೆ ಅರ್ಜಿದಾರರು ಅದನ್ನೇ ಬರೆಯಬೇಕಿತ್ತು.

7. ನಾಲ್ಕನೆಯ ಅರ್ಜಿ

ಉಳಿದದ್ದು ಸುಳಿಕೋಣೆ. ದ್ರವದ ಧಾರೆ ಗೋಡೆಗೆ ಅಂಟುವುದು ಹಳೆಯ ಜ್ಞಾನ. ಸುಳಿ ತಡೆಯೊಡ್ಡುತ್ತದೆ ಎಂಬುದೂ ಹಳೆಯದೇ. ಚಲಿಸುವ ಭಾಗವಿಲ್ಲದೆ ಹರಿವನ್ನು ಅತ್ತಿತ್ತ ತಿರುಗಿಸುವ ಸಾಧನಗಳ ಮೇಲೆ 1960ರ ದಶಕದಲ್ಲಿ ದೊಡ್ಡ ಸಂಶೋಧನೆಯೇ ನಡೆದಿತ್ತು. ಹಾಗಿದ್ದರೂ ಇದು ಮೂರನೆಯ ಅರ್ಜಿಯಂತಲ್ಲ. ಇಲ್ಲಿ ಧಾರೆ ಸುಳಿಯನ್ನು ಕಟ್ಟುತ್ತದೆ, ಸುಳಿ ಒತ್ತಡವನ್ನು ಏರಿಸುತ್ತದೆ, ಕಾಲುವೆ ಧಾರೆಯನ್ನು ತಿರುಗಿಸುತ್ತದೆ, ತಿರುಗಿದ ಧಾರೆ ಸುಳಿಯನ್ನು ಮುರಿಯುತ್ತದೆ. ಒಂದು ಭಾಗವನ್ನು ತೆಗೆದರೆ ಉಳಿದವು ನಿಂತುಹೋಗುತ್ತವೆ. (ಎಫ್) ಉಪಬಂಧ ಇದಕ್ಕೆ ತಾಗದು.

ಆಮೇಲೆ ಬರುವುದು ಆವಿಷ್ಕಾರದ ಹೆಜ್ಜೆ. 2005ರ ತಿದ್ದುಪಡಿಯ ನಂತರ ನಮ್ಮ ಕಾಯ್ದೆ ಕೇಳುವುದು ಎರಡು: ಇರುವ ಜ್ಞಾನಕ್ಕಿಂತ ತಾಂತ್ರಿಕ ಮುನ್ನಡೆಯೋ ಆರ್ಥಿಕ ಮಹತ್ವವೋ ಇಲ್ಲವೇ ಎರಡೂ ಇರಬೇಕು; ಜೊತೆಗೆ ಆ ಕಸುಬು ಬಲ್ಲವರಿಗೆ ಅದು ಸಹಜವಾಗಿ ಹೊಳೆಯುವಂಥದ್ದಾಗಿರಬಾರದು. ಬಾವಿಯ ಕೆಳಗೆ ರಬ್ಬರಿನ ಭಾಗಗಳು ಶಾಖಕ್ಕೆ, ರಾಸಾಯನಿಕಕ್ಕೆ ಹಾಳಾಗುತ್ತವೆ. ತಿರುಪು ರೋಟರಿನ ಸುತ್ತ ಸಾಮಾನ್ಯವಾಗಿ ಇರುವುದು ರಬ್ಬರಿನ ಹೊದಿಕೆಯೇ. ಚಲಿಸುವ ಭಾಗವೂ ರಬ್ಬರೂ ಬೇಡವೆಂದರೆ ಅದು ತಾಂತ್ರಿಕ ಮುನ್ನಡೆ. ಕೆಟ್ಟ ಉಪಕರಣವನ್ನು ಮೇಲೆತ್ತುವ ಖರ್ಚು ಉಳಿದರೆ ಆರ್ಥಿಕ ಮಹತ್ವವೂ ಹೌದು. ಸಹಜವಾಗಿ ಹೊಳೆಯುತ್ತಿತ್ತೇ ಎಂಬುದನ್ನು ಮಾತ್ರ ಹಳೆಯ ಪೇಟೆಂಟುಗಳನ್ನು ಒಂದೊಂದಾಗಿ ತೆರೆದು ನೋಡಿಯೇ ಹೇಳಬೇಕು. ಕಂಡ ಮೇಲೆ ಎಲ್ಲವೂ ಸುಲಭವೆನಿಸುತ್ತದೆ. ಅರ್ಜಿ ಹಾಕಿದ ದಿನದ ಕಣ್ಣಿನಿಂದ ನೋಡುವುದು ಪರೀಕ್ಷಕರ ಧರ್ಮ. ಹಾಗೆ ನೋಡಿಯೂ ನಿಂತರೆ ಹಕ್ಕು 20 ವರ್ಷ. ಆಮೇಲೆ ಅದೂ ಎಲ್ಲರದು.

8. ಕೊನೆಯ ಮಾತು

ಕರ್ನಾಟಕದಲ್ಲಿ ತೈಲಬಾವಿ ಇಲ್ಲ. ಮಂಗಳೂರಿನಲ್ಲಿ ಸಂಸ್ಕರಣಾಗಾರವಿದೆ ಅಷ್ಟೆ. ಆದರೆ ತೈಲಕ್ಷೇತ್ರದ ಉಪಕರಣಗಳನ್ನು ವಿನ್ಯಾಸ ಮಾಡುವ ಎಂಜಿನಿಯರುಗಳು ಬೆಂಗಳೂರಿನಲ್ಲಿದ್ದಾರೆ, ವಿದೇಶಿ ಕಂಪನಿಗಳಿಗೆ ಪೇಟೆಂಟ್ ಕರಡು ಬರೆಯುವವರೂ ಇದ್ದಾರೆ. ಈ ಸಭೆಯಲ್ಲಿರುವ ಕೆಲವರು ನಾಳೆ ಆ ಕೆಲಸಕ್ಕೆ ಹೋಗುವವರೇ. ಅವರಿಗೆ ಒಂದು ಎಚ್ಚರಿಕೆ: ಭಾರತದಲ್ಲಿ ವಾಸವಿರುವವರು ಮೊದಲು ಇಲ್ಲಿ ಅರ್ಜಿ ಹಾಕದೆ, ಅನುಮತಿಯನ್ನೂ ಪಡೆಯದೆ ನೇರವಾಗಿ ಹೊರದೇಶದಲ್ಲಿ ಅರ್ಜಿ ಹಾಕುವುದನ್ನು ನಮ್ಮ ಕಾಯ್ದೆಯ 39ನೆಯ ಸೆಕ್ಷನ್ ನಿಷೇಧಿಸುತ್ತದೆ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ: ನೀವು ಕಟ್ಟಿದ್ದು ಏನು ಮಾಡುತ್ತದೆ ಎಂದು ಹೆಮ್ಮೆಯಿಂದ ಹೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಯಾವ ಭಾಗ, ಎಲ್ಲಿ, ಯಾವುದಕ್ಕೆ ತಾಗಿ, ಯಾವುದನ್ನು ತಳ್ಳುತ್ತದೆ ಎಂದು ಬರೆದಿಡಿ; ಬೇರೆ ಎರಡು ಮೂರು ರೀತಿಯಲ್ಲಿ ಕಟ್ಟಬಹುದಾದರೆ ಅವನ್ನೂ ಚಿತ್ರಸಮೇತ ಸೇರಿಸಿ. ವಾಕರ್ ತಮ್ಮ ಅರ್ಜಿಯಲ್ಲಿ ಅನುರಣಕ ಕೊಳವೆಯ ಜೊತೆಗೆ ವಿದ್ಯುತ್ ಫಿಲ್ಟರನ್ನೂ ತೋರಿಸಿ, ಎರಡನ್ನೂ ಕ್ಲೇಮಿನಲ್ಲಿ ಹೆಸರಿಟ್ಟು ಬರೆದಿದ್ದರೆ ಅವರ ಕಥೆ ಬೇರೆಯಾಗುತ್ತಿತ್ತು. ಕಾನೂನಿನ ವಿದ್ಯಾರ್ಥಿಗಳಲ್ಲಿ ಕೋರಿಕೆ: ಕ್ಲೇಮು ಓದುವ ಮೊದಲು ಚಿತ್ರ ಓದುವುದನ್ನು ಕಲಿಯಿರಿ. ಲೇತಿನ ಮುಂದೆ ಒಂದು ದಿನ ನಿಂತು ನೋಡಿದವರಿಗೆ ಮಿರ್ಜಾಪುರದ ತೀರ್ಪು ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ.

ನಾಲ್ಕು ಅರ್ಜಿಗಳಲ್ಲಿ ಮೊದಲನೆಯದು ತಿರಸ್ಕೃತ, ಎರಡನೆಯದು ಮತ್ತು ಮೂರನೆಯದು ತಿದ್ದಿ ತರಬೇಕಾದವು, ನಾಲ್ಕನೆಯದು ಪರೀಕ್ಷೆಗೆ ಯೋಗ್ಯ. ಕೊಳವೆ ನಡುಗಿಸುವ ಆಸೆಗೆ ಪೇಟೆಂಟ್ ಇಲ್ಲ. ಅದನ್ನು ನಡುಗಿಸುವ ಹೊಸ ಯಂತ್ರಕ್ಕೆ ಇದೆ, ಇರಲೇಬೇಕು.